ಹಾಡು ಕಟ್ಟುವವರ ಪ್ರಚಾರ (ಆಳಂದ, ಅಫಜಲಪುರ, ಜೇವರ್ಗಿ)

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಪದ ಕಟ್ಟಿದವರು ತಮ್ಮ ರಚನೆ ಜನರಿಗೆ ಮುಟ್ಟುವಂತೆ ಮಾಡಿಕೊಂಡ ದಾರಿಗಳು. ಇಲ್ಲಿ ಹಳೆಯ ಗುರುತು ಅಂಕಿತ. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರು ತಮ್ಮ ತತ್ವಪದಗಳನ್ನು ಗುರು ಮಹಾಂತನ ಹೆಸರಿನಲ್ಲಿ ಮುಗಿಸುತ್ತಿದ್ದರು; ತಮ್ಮ ಹೆಸರನ್ನು ಮುಂದೆ ಮಾಡಲಿಲ್ಲ. ಆದರೂ ಪದ ಕೇಳಿದವರು ಕರ್ತೃವನ್ನು ಗುರುತಿಸುತ್ತಿದ್ದರು. ಚೆನ್ನೂರ ಜಲಾಲಸಾಹೇಬರಂಥ ಶಿಷ್ಯರು, ಆಮೇಲೆ ಊರೂರಿನ ಭಜನಾ ಮೇಳಗಳು ಏಕತಾರಿ, ದಮ್ಮಡಿ ಹಿಡಿದು ಆ ಪದಗಳನ್ನು ಅಮಾವಾಸ್ಯೆಯ ಭಜನೆ, ಜಾತ್ರೆಗಳಿಗೆ ಒಯ್ದವು. ಹಾಡುವವರೇ ಪ್ರಚಾರಕರಾದ್ದರಿಂದ ಕವಿ ಡಂಗುರ ಸಾರಬೇಕಾಗಿರಲಿಲ್ಲ.

1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿ, ನಂತರ ಕ್ಯಾಸೆಟ್ಟು ಈ ಹಾಡುಗಳಿಗೆ ಇನ್ನಷ್ಟು ಕೇಳುಗರನ್ನು ತಂದವು. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಗಾಯಕರ ಚಿತ್ರ ದೊಡ್ಡದಾಗಿ, ಬರೆದವರ ಹೆಸರು ಸಣ್ಣದಾಗಿ ಇರುತ್ತಿತ್ತು. ಆ ರೋಗ ಯೂಟ್ಯೂಬ್ ಕಾಲದಲ್ಲೂ ವಾಸಿಯಾಗಿಲ್ಲ. ಮೊಬೈಲಿನಲ್ಲಿ ಹಾಡು ಚಿತ್ರೀಕರಿಸಿ ವಾಟ್ಸಾಪ್‌ನಲ್ಲಿ ಹಂಚುವುದು ಸುಲಭ. ಹಂಚುತ್ತ ಹೋದಂತೆ ಕವಿಯ ಹೆಸರು ಕಳಚಿಬೀಳುವುದೂ ಅಷ್ಟೇ ಸುಲಭ. ವಿವರಣೆಯಲ್ಲಿ 'ಸಾಹಿತ್ಯ' ಎಂದು ಹೆಸರು ಹಾಕುವುದಲ್ಲದೆ, ಕೊನೆಯ ನುಡಿಯಲ್ಲೇ ಅಂಕಿತ ಸೇರಿಸುವುದು ಇಂದಿಗೂ ಗಟ್ಟಿ ಉಪಾಯ.

ಹಣದ ಮಾತು ಬೇರೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆಯಂತೆ ಸಿನಿಮಾ ಅಥವಾ ಧ್ವನಿಮುದ್ರಣಕ್ಕೆ ಬರೆದವರು ಹಕ್ಕು ಮಾರಿದರೂ ರಾಯಧನದ (ರಾಯಲ್ಟಿ) ಪಾಲನ್ನು ಬಿಟ್ಟುಕೊಡುವಂತಿಲ್ಲ. ಗೀತರಚನಕಾರರು, ಸಂಯೋಜಕರ ಪರವಾಗಿ ಅದನ್ನು ವಸೂಲು ಮಾಡುವ ಸಂಸ್ಥೆ ಐಪಿಆರ್‌ಎಸ್, 1969ರಲ್ಲಿ ಸ್ಥಾಪಿತ. ಪಾಲು ಸಿಗಬೇಕಾದರೆ ಅದರ ಸದಸ್ಯರಾಗಿ ಹಾಡು ನೋಂದಾಯಿಸಬೇಕು. ಮಡಿವಾಳಪ್ಪನವರ ಪದಗಳಿಗೆ ಕೃತಿಸ್ವಾಮ್ಯವಿಲ್ಲ, ಯಾರು ಬೇಕಾದರೂ ಹಾಡಬಹುದು.