ರಾಗಿಯ ಬೀರು

ನಂಜನಗೂಡು ಸೀಮೆಯ ಹಳೆಯ ಮನೆಗಳಲ್ಲಿ ಬೀರು ಎಂದರೆ ಅಜ್ಜಿಯರು ರೇಷ್ಮೆಸೀರೆಯನ್ನೂ ಕಾಗದಪತ್ರಗಳನ್ನೂ ಇಟ್ಟು ಬೀಗ ಹಾಕುತ್ತಿದ್ದ ಕಪಾಟು. ಈ ಲೇಖನದ ಬೀರು ಅದಲ್ಲ. ಧಾನ್ಯವನ್ನು ಮೊಳೆಯಿಸಿ, ಹುದುಗೆಬ್ಬಿಸಿ ಮಾಡುವ ಪಾನೀಯ. ಪಾಠ ಹೇಳುವವನು ಈ ಮಾತೆತ್ತಬಹುದೆ ಎಂದು ಕೆಲವರು ಹುಬ್ಬೇರಿಸಿಯಾರು. ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನಾವು ದಿನವೂ ಮುದ್ದೆ ಕಟ್ಟುವ ರಾಗಿಯ ಚರಿತ್ರೆಯನ್ನು ಹೇಳಹೊರಟರೆ ಹುಳಿಬಂದ ಗಡಿಗೆಯೊಂದು ದಾರಿಗೆ ಅಡ್ಡ ಬರುತ್ತದೆ. ಅದನ್ನು ಬಳಸಿಕೊಂಡು ಹೋಗುವುದು ಚರಿತ್ರೆಗೆ ನ್ಯಾಯವಲ್ಲ.

ಯಾವ ನಾಡಿನಲ್ಲಿ ಯಾವ ಧಾನ್ಯವೋ ಅಲ್ಲಿ ಅದರದೇ ಬೀರು. ಸುಮೇರಿಯದ ಮುದ್ರೆಗಳಲ್ಲಿ ಒಂದೇ ಗಡಿಗೆಗೆ ಉದ್ದನೆಯ ಕೊಳವೆಗಳನ್ನಿಟ್ಟು ಹೀರುತ್ತಿರುವ ಜನರ ಚಿತ್ರಗಳಿವೆ. ಅದು ಜವೆಗೋಧಿಯ, ಎಂದರೆ ಬಾರ್ಲಿಯ ನಾಡು. ಜರ್ಮನಿಯ ಬವೇರಿಯದಲ್ಲಿ 1516ರಲ್ಲಿ ಹೊರಟ ರಾಜಾಜ್ಞೆ ಬಾರ್ಲಿ, ಹಾಪ್ ಹೂವು, ನೀರು, ಈ ಮೂರನ್ನಲ್ಲದೆ ಬೇರೇನನ್ನೂ ಬೀರಿಗೆ ಹಾಕಕೂಡದೆಂದು ವಿಧಿಸಿತು. ಬೊಹೀಮಿಯದ ಪಿಲ್ಸೆನ್ ಪಟ್ಟಣದಲ್ಲಿ 1842ರಲ್ಲಿ ಹೊರಬಂದ ಹೊಂಬಣ್ಣದ ತಿಳಿ ಬೀರಿನ ಮಾದರಿ ಇಂದು ಲೋಕದ ಬಹುಪಾಲನ್ನು ಆಳುತ್ತಿದೆ.

ಬೀರಿನ ಪೂರ್ವಾರ್ಧ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು ಎಂದರೆ ನೀವು ನಗಬಹುದು. ಹೆಮ್ಮರಗಾಲದ ಕಡೆ ಕೂಸಿಗೆ ಸರಿ ಮಾಡುವ ಬಗೆಯನ್ನು ನೋಡಿ. ರಾಗಿಯನ್ನು ತೊಳೆದು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟುಕಟ್ಟಿ ಇಡುತ್ತಾರೆ. ಒಂದೆರಡು ದಿನಕ್ಕೆ ಬಿಳಿಯ ಮೊಳಕೆ ಇಣುಕುತ್ತದೆ. ಆಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸುತ್ತಾರೆ. ಬೀರು ಮಾಡುವವರ ಮಾಲ್ಟು ಎಂಬುದೂ ಇದೇ ಕ್ರಮದ್ದು. ಮೊಳೆಯುವಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಆದ್ದರಿಂದಲೇ ಸರಿ ತಾನಾಗಿ ಸಿಹಿ, ಕೂಸಿಗೆ ಸುಲಭವಾಗಿ ಜೀರ್ಣ. ಕಿರುಧಾನ್ಯಗಳಲ್ಲಿ ರಾಗಿಗೆ ಈ ಗುಣ ಹೆಚ್ಚು. ನಮ್ಮವರು ಇಲ್ಲಿಗೆ ನಿಲ್ಲಿಸಿ ಹಾಲು ಬೆರೆಸಿದರು. ಬೇರೆಡೆಯವರು ಮುಂದುವರಿದು ಹುದುಗು ಬೆರೆಸಿದರು. ವ್ಯತ್ಯಾಸ ಇಷ್ಟೆ.

ಹಾಗೆ ಮುಂದುವರಿದವರಲ್ಲಿ ಮೊದಲಿಗರು ರಾಗಿಯ ತವರಿನವರೇ. ರಾಗಿ ಮೂಲತಃ ನಮ್ಮದಲ್ಲ. ಇಥಿಯೋಪಿಯದಿಂದ ಉಗಾಂಡದವರೆಗಿನ ಪೂರ್ವ ಆಫ್ರಿಕದ ಎತ್ತರದ ಭೂಮಿ ಅದರ ಹುಟ್ಟೂರು. ಉಗಾಂಡದ ತೇಸೊ ಜನ ಹುದುಗಿಸಿದ ರಾಗಿಯನ್ನು ದೊಡ್ಡ ಗಡಿಗೆಗೆ ಹಾಕಿ, ಬಿಸಿನೀರೆರೆದು, ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ಅಲ್ಲಿಂದ ಸಾವಿರಾರು ಮೈಲಿ ದೂರದ ಪೂರ್ವ ನೇಪಾಳ, ಸಿಕ್ಕಿಂಗಳಲ್ಲಿ ತೋಂಗ್ಬಾ ಎಂಬುದುಂಟು. ಅಲ್ಲಿಯೂ ರಾಗಿ, ಅಲ್ಲಿಯೂ ಬಿಸಿನೀರು, ಅಲ್ಲಿಯೂ ಕೊಳವೆ! ಒಬ್ಬರಿಂದೊಬ್ಬರು ಕಲಿತರೆಂದು ಹೇಳಬೇಕಾಗಿಲ್ಲ. ಹೊಟ್ಟು ಬಾಯಿಗೆ ಬರದಂತೆ ಕುಡಿಯಲು ಕೊಳವೆಗಿಂತ ಒಳ್ಳೆಯ ಉಪಾಯ ಯಾರಿಗೆ ಹೊಳೆದೀತು?

ಭಾರತದ ಶಾಸ್ತ್ರಗ್ರಂಥಗಳಿಗೂ ಧಾನ್ಯದ ಮದ್ಯ ಹೊಸದಲ್ಲ. ಮನುಸ್ಮೃತಿ ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರು ಬಗೆಯಾಗಿ ಎಣಿಸುತ್ತದೆ, ನಿಷೇಧಿಸುವುದಕ್ಕಾಗಿಯೇ. ಇವುಗಳಲ್ಲಿ ಪೈಷ್ಟಿ ಹಿಟ್ಟಿನದು, ಬೀರಿನ ನೆಂಟ. ಕೌಟಿಲ್ಯನಂತೂ ಸುರಾಧ್ಯಕ್ಷನ ಪ್ರಕರಣದಲ್ಲಿ ಅಳತೆಯನ್ನೇ ಕೊಡುತ್ತಾನೆ: ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಸೇರಿದರೆ ಮೇದಕ. ಈ ಗ್ರಂಥವನ್ನು ತಾಳೆಗರಿಯಿಂದ ಬಿಡಿಸಿ 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳೆಂಬುದನ್ನು ಇಲ್ಲಿ ಹೇಳದಿರಲಾರೆ. ಕೌಟಿಲ್ಯನ ಕಿಣ್ವ ಎಂದರೆ ಉದ್ದು, ಅಕ್ಕಿ, ಗಿಡಮೂಲಿಕೆಗಳನ್ನು ಸೇರಿಸಿ ಮಾಡಿದ ಹುದುಗು. ಇಂದು ನಮ್ಮ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಎನ್‌ಜೈಮ್ ಎಂಬರ್ಥದಲ್ಲಿ ಓದುವ ಕಿಣ್ವವೂ ಅದೇ ಶಬ್ದ. ಹೆಂಡದ ಗಡಿಗೆಯಿಂದ ಎದ್ದು ಶಾಲೆಗೆ ಸೇರಿದ ಪದ!

ಇಷ್ಟೆಲ್ಲ ಇದ್ದೂ ರಾಗಿಯ ಸೀಮೆಯಾದ ಮೈಸೂರಿನಲ್ಲಿ ರಾಗಿಯ ಬೀರು ಏಕೆ ನೆಲೆಗೊಳ್ಳಲಿಲ್ಲ? ಒಂದು ಸುಳಿವು ಮಾತ್ರ ಉಳಿದಿದೆ. ಮೈಸೂರು ಸೀಮೆಯಲ್ಲಿ ರಾಗಿಯಿಂದ ‘ಬೋಜ’ ಎಂಬ ಮದ್ಯವಾಗುತ್ತದೆ, ಅದನ್ನು ಹೆಚ್ಚಾಗಿ ಕುಡಿಯುವವರು ಮರಾಠರು ಎಂದು 19ನೆಯ ಶತಮಾನದ ಇಂಗ್ಲಿಷ್ ಸಸ್ಯಗ್ರಂಥಗಳು ಹೇಳುತ್ತವೆ. ತುರ್ಕಿಯವರ ಬೋಜಾ, ಈಜಿಪ್ಟಿನವರ ಬೂಜಾಗಳೂ ಧಾನ್ಯದ ಪಾನೀಯಗಳೇ. ದಂಡಿನ ಜೊತೆಗೆ ಬಂದ ಮಾತಿರಬೇಕೆಂದು ನನ್ನ ಊಹೆ. ಒಕ್ಕಲುಮಕ್ಕಳ ಬಾಯಲ್ಲಿ ಅದು ನಿಲ್ಲಲಿಲ್ಲ.

ಇದಕ್ಕೆ ಎರಡು ಕಾರಣಗಳು ನನಗೆ ತೋರುತ್ತವೆ. ಹಳ್ಳದ ದಡದ ಈಚಲುಮರ ಕಾಳು ಬೇಡದೆಯೇ ಹೆಂಡ ಕೊಡುತ್ತಿತ್ತು. ಎರಡನೆಯದು ಇದಕ್ಕಿಂತ ಬಲವಾದದ್ದು. ರಾಗಿ ನಮಗೆ ಊಟ ಮಾತ್ರವಲ್ಲ, ಬರಗಾಲದ ಗಂಟು. ಹಗೇವಿನಲ್ಲಿ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಹಿಡಿಯದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಆರು ತಿಂಗಳ ಸೆರೆಯನ್ನು ಕಳೆದು ಭತ್ತ ಸೊರಗಿ ಬರುತ್ತದೆ, ರಾಗಿ ಕಳೆಗುಂದದೆ ಬರುತ್ತದೆ, ಅದು ಹಗೇವು ಕಂಡ ಜನರ ಕಥೆ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರವರೆಗೆ, ಆ ಹಗೇವುಗಳೂ ಬರಿದಾದವು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ನಾಡಿನ ಒಕ್ಕಲಗಿತ್ತಿ ಸೇರು ರಾಗಿಯನ್ನು ಗಡಿಗೆಯಲ್ಲಿ ಹುಳಿಬರಿಸಲು ಬಿಟ್ಟಾಳೆಯೆ?

ಬಾರ್ಲಿಯ ಬೀರು ನಮ್ಮಲ್ಲಿಗೆ ಬಂದದ್ದು ಇಂಗ್ಲಿಷರ ಸಿಪಾಯಿಗಳ ಹಿಂದೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ದಂಡು ಬೆಂಗಳೂರಿಗೆ ಸಾಗಿತು. ದಂಡಿಗೆ ಬೇಕಾದ ಬೀರಿನ ಪೀಪಾಯಿಗಳು ಎತ್ತಿನ ಗಾಡಿಗಳಲ್ಲಿ ಹೋಗುತ್ತಿದ್ದವು. ನೀಲಗಿರಿಯಲ್ಲೂ ಬೆಂಗಳೂರಿನಲ್ಲೂ ಚದರಿದ್ದ ಐದು ಬ್ರೂವರಿಗಳನ್ನು ತಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ಬಂಟ್ವಾಳದ ಮನೆತನದ ವಿಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾಗಿ, ಮರುವರ್ಷ ಅಧ್ಯಕ್ಷರಾದರು. 2021ರಲ್ಲಿ ಅದರ ಹಿಡಿತ ಹಾಲೆಂಡಿನ ಹೈನೆಕೆನ್ ಸಂಸ್ಥೆಯ ಕೈಸೇರಿತು. ಆ ಕಂಪೆನಿಯ ಒಂದು ಬ್ರೂವರಿ ನಮ್ಮ ನಂಜನಗೂಡಿನ ಕಡೆಯೇ ಇದೆ. ಬಾರ್ಲಿ ಈ ನೆಲದ ಬೆಳೆಯಲ್ಲ. ರಾಜಸ್ಥಾನ, ಹರಿಯಾಣಗಳಂಥ ಉತ್ತರದ ಸೀಮೆಗಳದು. ಹೀಗೆ ರಾಗಿಯ ಹೊಲಗಳ ನಡುವೆ ಪರಸ್ಥಳದ ಕಾಳು ಬೀರಾಗುತ್ತಿದೆ.

ಈಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ತಮ್ಮ ಅಂಗಳದಲ್ಲೇ ಬೀರು ಕಾಯಿಸಿ ಮಾರುವ ಚಿಕ್ಕ ಬ್ರೂವರಿಗಳು ಎದ್ದಿವೆ. ಅವುಗಳಲ್ಲಿ ಕೆಲವು ಬಾರ್ಲಿಯ ಜೊತೆಗೆ ರಾಗಿಯನ್ನೂ ಬೆರೆಸಿ ನೋಡಿವೆ. ಬೋಜ ಎಂಬ ಹೆಸರು ಅವರ ಕಿವಿಗೆ ಬಿದ್ದಿದೆಯೋ ಇಲ್ಲವೋ!