ಕಾರಿನ ಮುಂಗಾಜು ಕತ್ತರಿಸಿ ತೆಗೆಯುವ ಬಗೆ: ತಂತಿಯೋ, ದಾರವೋ?

ಬಳ್ಳಾರಿ: ಮುಂದೆ ಸಾಗುವ ಲಾರಿಯ ಗಾಲಿಯಿಂದ ಸಿಡಿದ ಜಲ್ಲಿಕಲ್ಲು ಕಾರಿನ ಮುಂಗಾಜಿಗೆ ಬಡಿದು ಬಿರುಕು ಮೂಡಿಸುವುದು ಈ ಭಾಗದ ವಾಹನ ಮಾಲೀಕರಿಗೆ ಹೊಸ ಸಂಗತಿಯೇನಲ್ಲ. ಸಂಡೂರು, ತೋರಣಗಲ್ಲು ಕಡೆಯ ಅದಿರು ಲಾರಿಗಳು ಒಂದೆಡೆಯಾದರೆ, ಸುಗ್ಗಿಯ ಕಾಲಕ್ಕೆ ಸಿರುಗುಪ್ಪದ ಭತ್ತದ ಲಾರಿಗಳು ಇನ್ನೊಂದೆಡೆ. ಆರಂಭದಲ್ಲಿ ಬೆರಳಗಲದಷ್ಟಿದ್ದ ಬಿರುಕು, ಬಿಸಿಲಿಗೆ ಕಾದ ಗಾಜಿನ ಮೇಲೆ ಒಳಗಿನಿಂದ ಎ.ಸಿ.ಯ ತಂಪುಗಾಳಿ ಬೀಸಿದೊಡನೆ ಅಂಚಿನಿಂದ ಅಂಚಿಗೆ ಹರಿಯುವುದುಂಟು. ಆಗ ಗಾಜು ಬದಲಿಸದೆ ಗತ್ಯಂತರವಿಲ್ಲ.

ಹೊಸ ಗಾಜಿನ ಬೆಲೆಯನ್ನೂ ಕಂಪನಿಯನ್ನೂ ಎಲ್ಲರೂ ವಿಚಾರಿಸುತ್ತಾರೆ. ಹಳೆಯ ಗಾಜನ್ನು ಹೇಗೆ ತೆಗೆಯುತ್ತಾರೆಂದು ಕೇಳುವವರು ವಿರಳ. ಆದರೆ ಹೊಸ ಗಾಜು ಎಷ್ಟು ಕಾಲ, ಎಷ್ಟು ಭದ್ರವಾಗಿ ನಿಲ್ಲುತ್ತದೆಂಬುದು ಬಹುಮಟ್ಟಿಗೆ ಅದರಿಂದಲೇ ನಿರ್ಧಾರವಾಗುತ್ತದೆ.

ಬೀಡಿಂಗ್‌ನಿಂದ ಅಂಟಿನವರೆಗೆ

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಗಾಜನ್ನು ರಬ್ಬರ್ ಬೀಡಿಂಗ್ ಹಿಡಿದಿಡುತ್ತಿತ್ತು. ಹಳೆಯ ಜೀಪು ಮತ್ತು ಲಾರಿಗಳಲ್ಲಿಯೂ ಇದೇ ಕ್ರಮ. ಅಲ್ಲಿ ದಾರದ ಉಪಯೋಗ ಗಾಜು ತೆಗೆಯುವುದಕ್ಕಲ್ಲ, ಕೂರಿಸುವುದಕ್ಕೆ. ಬೀಡಿಂಗಿನ ಸೀಳಿನೊಳಗೆ ಸುತ್ತಲೂ ದಾರವಿಟ್ಟು, ಸೋಪಿನ ನೀರು ಸವರಿ, ಒಬ್ಬ ಹೊರಗಿನಿಂದ ಗಾಜನ್ನು ಒತ್ತಿದರೆ ಇನ್ನೊಬ್ಬ ಒಳಗಿನಿಂದ ದಾರವನ್ನು ಎಳೆಯುತ್ತಾ ಹೋಗುತ್ತಾನೆ. ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಕುಳಿತುಕೊಳ್ಳುತ್ತದೆ. ಅದು ನೋಡಲು ಸೊಗಸಾದ ಕೆಲಸ.

ಇಂದಿನ ಕಾರುಗಳಲ್ಲಿ ಬೀಡಿಂಗ್ ಕೇವಲ ಅಲಂಕಾರ. ಗಾಜು ನಿಂತಿರುವುದು ಪಾಲಿಯುರೆಥೇನ್ ಅಂಟಿನ ಬಲದಿಂದ. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಈ ಗಾಜು ಕಾರಿನ ದೇಹದ ಒಂದು ಭಾಗವೇ ಆಗಿದ್ದು, ವಾಹನ ಮಗುಚಿದಾಗ ಚಾವಣಿಗೆ ಆಸರೆಯಾಗುತ್ತದೆ. ಅನೇಕ ಕಾರುಗಳಲ್ಲಿ ಎಡಬದಿಯ ಏರ್‌ಬ್ಯಾಗ್ ಮೇಲಕ್ಕೆ ಉಬ್ಬಿ, ಗಾಜಿಗೆ ತಾಗಿ, ಅಲ್ಲಿಂದ ಪ್ರಯಾಣಿಕನ ಕಡೆಗೆ ಹೊರಳುತ್ತದೆ. ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಹೊಸ ಮಾದರಿಯ ಕಾರುಗಳಲ್ಲಿ 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಆ ಕ್ಷಣದಲ್ಲಿ ಗಾಜು ಕಳಚಿಕೊಂಡರೆ ಏರ್‌ಬ್ಯಾಗಿನಿಂದ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ.

ತಂತಿಯ ಕೆಲಸ

ಮೊದಲು ವೈಪರ್, ಅದರ ಕೆಳಗಿನ ಪ್ಲಾಸ್ಟಿಕ್ ಹೊದಿಕೆ, ಪಕ್ಕದ ಪಟ್ಟಿಗಳು ಮತ್ತು ಒಳಗಿನ ಕನ್ನಡಿಯನ್ನು ಬಿಚ್ಚಬೇಕು. ಮಳೆ ಸಂವೇದಕ ಅಥವಾ ಕ್ಯಾಮೆರಾ ಇದ್ದಲ್ಲಿ ಅವುಗಳನ್ನೂ ಕಳಚಿ ಜೋಪಾನವಾಗಿ ಎತ್ತಿಡಬೇಕು. ಡ್ಯಾಶ್‌ಬೋರ್ಡ್ ಮೇಲೆ ದಪ್ಪ ಹೊದಿಕೆ ಹಾಸಬೇಕು. ಬಳಿಕ ದಬ್ಬಳದಂತಹ ಉದ್ದನೆಯ ಸಲಾಕೆಯಿಂದ ಅಂಟಿನಲ್ಲಿ ರಂಧ್ರ ಕೊರೆದು ತಂತಿ ತೂರಿಸಿ, ಎರಡು ತುದಿಗಳಿಗೂ ಹಿಡಿಕೆ ಹಾಕಲಾಗುತ್ತದೆ. ಒಬ್ಬ ಒಳಗೆ, ಒಬ್ಬ ಹೊರಗೆ ನಿಂತು ಗರಗಸದಂತೆ ಎಳೆದಾಡುತ್ತಾ ಸುತ್ತಲಿನ ಅಂಟನ್ನು ಕೊಯ್ಯುತ್ತಾರೆ.

ತಂತಿ ಅಗ್ಗ, ಗಡುಸಾದ ಅಂಟನ್ನೂ ಕೊಯ್ಯುತ್ತದೆ. ಆದರೆ ಒಂದೇ ಜಾಗದಲ್ಲಿ ಚುರುಕಾಗಿ ಎಳೆದಾಡಿದರೆ ಕಾದು ತುಂಡಾಗುತ್ತದೆ. ಆದ್ದರಿಂದ ಎಳೆತ ಉದ್ದವಾಗಿರಬೇಕು, ನಿಧಾನವಾಗಿರಬೇಕು. ತುಂಡಾದ ತಂತಿ ಕಣ್ಣಿಗೆ ಚಿಮ್ಮುವ ಅಪಾಯವಿರುವುದರಿಂದ ಕನ್ನಡಕ ಮತ್ತು ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ತಂತಿಯ ದೊಡ್ಡ ದೋಷ ಬೇರೆಯೇ ಇದೆ. ಅದು ಅಂಟನ್ನು ಕೊಯ್ಯುವಷ್ಟೇ ಸಲೀಸಾಗಿ ಡ್ಯಾಶ್‌ಬೋರ್ಡಿನ ಅಂಚನ್ನೂ ತಗಡಿನ ಬಣ್ಣವನ್ನೂ ಕೊಯ್ಯುತ್ತದೆ.

ದಾರದ ಕೆಲಸ

ಈ ದೋಷಕ್ಕೆ ಪರಿಹಾರವಾಗಿ ಬಂದದ್ದು ಗಟ್ಟಿ ಕೃತಕ ನಾರಿನಿಂದ ಹೆಣೆದ ದಾರ. ಇದನ್ನು ಗಾಜಿನ ಹೊರಅಂಚಿನ ಸಂದಿಯಲ್ಲಿ ಸುತ್ತಲೂ ಇಳಿಬಿಟ್ಟು, ತುದಿಗಳನ್ನು ಅಂಟಿನ ರಂಧ್ರದ ಮೂಲಕ ಒಳಗೆ ತರಲಾಗುತ್ತದೆ. ಗಾಜಿನ ಒಳಮೈಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲುಗಳ ಮೇಲೆ ಪುಟ್ಟ ರಾಟೆ ಕೂರಿಸಿ, ಅದನ್ನು ತಿರುಗಿಸುತ್ತಾ ಹೋದಂತೆ ದಾರ ಒಳಕ್ಕೆ ಸೆಳೆಯಲ್ಪಟ್ಟು ಅಂಟು ಸೀಳುತ್ತದೆ. ಒಬ್ಬನೇ ಮಾಡಬಲ್ಲ ಕೆಲಸವಿದು. ಬಣ್ಣಕ್ಕೆ ಗೀರು ಬೀಳುವ ಸಂಭವ ತೀರಾ ಕಡಿಮೆ. ತುಕ್ಕು ದುರಸ್ತಿಗೋ ಬಣ್ಣ ಬಳಿಯುವುದಕ್ಕೋ ಒಳ್ಳೆಯ ಗಾಜನ್ನೇ ತೆಗೆದು ಮತ್ತೆ ಹಾಕಬೇಕಾದಾಗ ದಾರವೇ ಮೇಲು.

ಹಾಗೆಂದು ದಾರ ಎಲ್ಲದಕ್ಕೂ ಒದಗದು. ಗಾಜಿನ ಅಂಚು ಪುಡಿಯಾಗಿದ್ದರೆ ಆ ಚೂರುಗಳೇ ದಾರವನ್ನು ಕತ್ತರಿಸುತ್ತವೆ. ಅಲ್ಲಿ ತಂತಿಯನ್ನೇ ಆಶ್ರಯಿಸಬೇಕು. ಅನುಭವಿ ಕೆಲಸಗಾರರು ಎರಡನ್ನೂ ಇಟ್ಟುಕೊಂಡಿರುತ್ತಾರೆ.

ಒಂದು ಗೀರಿನ ಬೆಲೆ

ಗಾಜು ಕೂರುವ ತಗಡಿನ ಅಂಚಿನಲ್ಲಿ ಬಣ್ಣ ಕಿತ್ತುಬಂದ ಗೀರೊಂದು ಹಾಗೆಯೇ ಉಳಿದರೆ, ಹೊಸ ಅಂಟಿನ ಅಡಿಯಲ್ಲಿ ತುಕ್ಕು ಹುಟ್ಟುತ್ತದೆ. ಅಂಟು ತಗಡನ್ನು ಬಿಡುವುದಿಲ್ಲ. ತುಕ್ಕೇ ತಗಡನ್ನು ಬಿಡುತ್ತದೆ. ಹೊರಗಿನಿಂದ ಏನೂ ಕಾಣದು. ಮಳೆಗಾಲದಲ್ಲಿ ಕಾಲ್ಚಾಪೆ ಒದ್ದೆಯಾದಾಗಲಷ್ಟೇ ಅನುಮಾನ ಹುಟ್ಟುತ್ತದೆ. ಗೀರು ಬಿದ್ದರೆ ಅಂಟು ಹಚ್ಚುವ ಮೊದಲೇ ಅದಕ್ಕೆ ತಕ್ಕ ಪ್ರೈಮರ್ ಬಳಿದು ಒಣಗಿಸಬೇಕು.

ಹಳೆಯ ಅಂಟನ್ನು ತಗಡಿನವರೆಗೂ ಕೆರೆದು ತೆಗೆಯುವುದು ಶುಚಿಯಾದ ಕೆಲಸವೆಂಬ ಭಾವನೆ ಕೆಲವರಲ್ಲಿದೆ. ಅದು ತಪ್ಪು. ಭದ್ರವಾಗಿ ಕಚ್ಚಿಕೊಂಡಿರುವ ಹಳೆಯ ಅಂಟನ್ನು ಒಂದೆರಡು ಮಿ.ಮೀ. ದಪ್ಪ ಉಳಿಸಿ ಸಮನಾಗಿ ಕೊಯ್ದು, ಅದರ ಮೇಲೆಯೇ ಹೊಸ ಅಂಟು ಹಾಕಬೇಕು. ಹಾಗೆ ಕೊಯ್ದ ಮೈಯನ್ನು ಬೆರಳಿನಿಂದ ಮುಟ್ಟಬಾರದು, ಧೂಳು ಕೂರಲು ಬಿಡಬಾರದು. ರಸ್ತೆ ಬದಿಯಲ್ಲಿ ಕೆಂಪು ಧೂಳು ಏಳುವ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ನೆರಳೂ ಮರೆಯೂ ಇರುವ ಶೆಡ್ಡಿನಲ್ಲಿಯೇ ಕೆಲಸ ಮಾಡಿಸುವುದು ಉತ್ತಮ.

ಬಿಸಿಲಿದೆ, ತೇವವಿಲ್ಲ

ಬಳ್ಳಾರಿಯ ಬಿಸಿಲಿಗೆ ಅಂಟು ಬೇಗ ಒಣಗುತ್ತದೆಂದು ನಂಬುವವರು ಬಹಳ. ಸಾಮಾನ್ಯವಾಗಿ ಬಳಸುವ ಒಂದೇ ಕೊಳವೆಯ ಪಾಲಿಯುರೆಥೇನ್ ಅಂಟು ಬಣ್ಣದಂತೆ ಆರುವುದಿಲ್ಲ. ಗಾಳಿಯ ತೇವಾಂಶದೊಡನೆ ವರ್ತಿಸಿ ಗಟ್ಟಿಯಾಗುತ್ತದೆ. ಶಾಖವು ಈ ಕ್ರಿಯೆಯನ್ನು ಚುರುಕುಗೊಳಿಸಿದರೆ, ಒಣಹವೆ ತಡೆಯುತ್ತದೆ. ಮಾರ್ಚ್‌ನಿಂದ ಮೇವರೆಗಿನ ಬಿರುಬೇಸಿಗೆಯಲ್ಲಿ ಎರಡೂ ಒಟ್ಟಿಗೆ ಇರುವುದರಿಂದ ಅಂದಾಜಿನ ಮೇಲೆ ಕಾರು ಹೊರಡಿಸುವಂತಿಲ್ಲ. ವಾಹನ ಓಡಿಸಲು ಎಷ್ಟು ಹೊತ್ತು ಕಾಯಬೇಕೆಂಬುದನ್ನು ತಯಾರಕರು ತಾಪಮಾನ ಹಾಗೂ ಆರ್ದ್ರತೆಗೆ ತಕ್ಕಂತೆ ತಿಳಿಸಿರುತ್ತಾರೆ. ಕೆಲವಕ್ಕೆ ಒಂದು ಗಂಟೆ ಸಾಕು, ಕೆಲವಕ್ಕೆ ಹಲವು ಗಂಟೆಗಳೇ ಬೇಕು. ಕೊಳವೆಯ ಮೇಲಿನ ಬಳಕೆ ಅವಧಿಯ ದಿನಾಂಕವನ್ನೂ ನೋಡಬೇಕು.

ಸುಮಾರು 55 ಕಿ.ಮೀ. ದೂರದ ಸಿರುಗುಪ್ಪದಿಂದಲೋ 30 ಕಿ.ಮೀ. ಆಚೆಯ ಕುರುಗೋಡಿನಿಂದಲೋ ಕಾರು ತಂದು ನಗರದಲ್ಲಿ ಗಾಜು ಹಾಕಿಸುವವರಿಗೆ ಸಂಜೆಯೊಳಗೆ ಊರು ಸೇರುವ ಆತುರ ಸಹಜ. ಅಂಥವರು ಬೆಳಿಗ್ಗೆಯೇ ಕೆಲಸ ಆರಂಭಿಸುವಂತೆ ನೋಡಿಕೊಳ್ಳಬೇಕು. ಹೊರಡುವಾಗ ಕಿಟಕಿಯೊಂದನ್ನು ಸ್ವಲ್ಪ ಇಳಿಸಿರಬೇಕು. ಎಲ್ಲ ಕಿಟಕಿ ಮುಚ್ಚಿ ಬಾಗಿಲು ಬಡಿದರೆ ಒಳಗಿನ ಗಾಳಿಯ ಒತ್ತಡ ಹಸಿ ಅಂಟನ್ನು ಹೊರಕ್ಕೆ ತಳ್ಳುತ್ತದೆ. ಒಂದೆರಡು ದಿನ ಪಂಪಿನ ನೀರಿನಿಂದ ತೊಳೆಸಬಾರದು.

ವಿಮೆ, ಫಾಸ್ಟ್ಯಾಗ್

ವಿಮೆಯ ಹಣ ಪಡೆಯುವುದಿದ್ದರೆ ಗಾಜು ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ, ಒಡೆದ ಗಾಜಿನ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಬಿಚ್ಚಿದ ಬಳಿಕ ಪರಿಶೀಲಿಸಲು ಏನೂ ಉಳಿದಿರುವುದಿಲ್ಲ. ಚಾಲಕನಿಗೆ ನೆರವಾಗುವ ಕ್ಯಾಮೆರಾ ಗಾಜಿನ ಹಿಂದಿರುವ ಕಾರುಗಳಲ್ಲಿ ಅದನ್ನು ಮತ್ತೆ ಹೊಂದಿಸಿಕೊಡುವ ವ್ಯವಸ್ಥೆ ಇದೆಯೇ ಎಂದು ಮುಂಚೆಯೇ ವಿಚಾರಿಸುವುದು ಒಳಿತು. ಹಳೆಯ ಗಾಜಿನಿಂದ ಕಿತ್ತ ಫಾಸ್ಟ್ಯಾಗ್ ಸಾಮಾನ್ಯವಾಗಿ ಕೆಟ್ಟುಹೋಗುತ್ತದೆ. ಅದನ್ನು ನೀಡಿದ ಬ್ಯಾಂಕಿನಿಂದಲೇ ಅದೇ ಖಾತೆಗೆ ಹೊಸದನ್ನು ಪಡೆದು, ಟೋಲ್ ಗೇಟಿಗೆ ಹೋಗುವ ಮುನ್ನ ಹೊಸ ಗಾಜಿಗೆ ಅಂಟಿಸಿಕೊಳ್ಳಬೇಕು.