ದನಗಳ ಮೂಗಿನ ಅರ್ಬುದಗಳು: ನಿರ್ಣಯ ನಡೆದುಬಂದ ದಾರಿ

ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಹಣೆಯ ಮೂಳೆ ಕರಗಿರುವುದನ್ನು ಕಂಡೊಡನೆ ‘ಮೂಳೆಯ ಅರ್ಬುದ’ವೆಂದು ತೀರ್ಪು ಬರೆದುಬಿಡುವ ರೂಢಿ ನಮ್ಮ ಕಿರಿಯ ಪಶುವೈದ್ಯರಲ್ಲಿ ಬಲಿಯುತ್ತಿರುವುದರಿಂದ, ಈ ಶಾಸ್ತ್ರ ನಡೆದುಬಂದ ದಾರಿಯನ್ನು ಒಮ್ಮೆ ತಿರುಗಿ ನೋಡುವುದು ಅನುಚಿತವಾಗಲಾರದು. ಕರಗಿದ್ದು ಮೂಳೆಯೆಂಬುದು ನಿಜ; ಕರಗಿಸಿದ್ದು ಮೂಳೆಯಲ್ಲಿಯೇ ಹುಟ್ಟಿತೇ ಎಂಬುದು ಬೇರೆ ಪ್ರಶ್ನೆ.

ಹಿಂದಿನವರ ಸಾಧನೆಯೆಲ್ಲ ಬಹುಮಟ್ಟಿಗೆ ಅರ್ಬುದವಲ್ಲದ್ದನ್ನು ಬೇರ್ಪಡಿಸಿದ್ದು. ಮೂಳೆಯ ಸಾರ್ಕೋಮವೆಂದು ಎಣಿಸಲಾಗುತ್ತಿದ್ದ ದವಡೆಯ ಬಾವು ಸೂಕ್ಷ್ಮಜೀವಿಯ ಕೃತ್ಯವೆಂದು 1877ರಲ್ಲಿ ಬೋಲಿಂಜರ್ ಮತ್ತು ಹಾರ್ಟ್ಸ್ ತೋರಿಸಿದರು. 1933ರಲ್ಲಿ ಮದರಾಸಿನ ಅನಂತನಾರಾಯಣರಾಯರು ಗೊರಕೆರೋಗಕ್ಕೆ ಕಾರಣವಾದ ನಾಸಿಕದ ರಕ್ತಹುಳುವನ್ನು ವರ್ಣಿಸಿದರು.

ನಮ್ಮ ತಲೆಮಾರಿನ ಪಾಲಿಗೆ ಬಂದದ್ದು ಕೊಂಬಿನ ಕ್ಯಾನ್ಸರು. 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದವರಿಗೆ ಉದ್ದಗೊಂಬಿನ ಎತ್ತುಗಳೇ ಗುರುಗಳು. ತಲೆ ಕೊಡವುತ್ತ, ಕೊಂಬನ್ನು ಗೂಟಕ್ಕೆ ಉಜ್ಜುತ್ತ, ಒಂದೇ ಹೊಳ್ಳೆಯಿಂದ ರಕ್ತಮಿಶ್ರಿತ ಸಿಂಬಳ ಸುರಿಸುತ್ತ ಬಂದ ಎತ್ತಿನ ಎರಡೂ ಕೊಂಬುಗಳ ಬುಡವನ್ನು ಬೆರಳಿನಿಂದ ತಟ್ಟಿದರೆ, ಒಂದು ಬರಿಗಡಿಗೆಯಂತೆ ದನಿಗೊಡುತ್ತಿತ್ತು, ಇನ್ನೊಂದು ತುಂಬಿದ ಗಡಿಗೆಯಂತೆ ಮೂಕವಾಗಿರುತ್ತಿತ್ತು. ಬೆಳೆದ ದನದಲ್ಲಿ ಹಣೆಯ ಗಾಳಿಕೋಟರ ಕೊಂಬಿನೊಳಕ್ಕೂ ಚಾಚಿಕೊಂಡಿರುವುದರಿಂದ, ರೋಗ ಕೊಂಬಿನದಾದರೂ ರಕ್ತ ಮೂಗಿನಲ್ಲಿ ಇಳಿಯುತ್ತದೆ. ಅದು ಹುಟ್ಟುವುದು ಮೂಳೆಯಲ್ಲಲ್ಲ, ಕೋಟರದ ಒಳಪೊರೆಯಲ್ಲಿ. ಮೂಳೆ ಅದರ ಆಹಾರ ಮಾತ್ರ.

ಕೇರಳದ ಮಣ್ಣುತ್ತಿಯ ವಿದ್ವಾಂಸರು ಎಥ್ಮಾಯ್ಡ್ ಪೊರೆಯ ಅರ್ಬುದಗಳನ್ನು ಅಭ್ಯಸಿಸಿ 1980ರಲ್ಲಿ ಪ್ರಕಟಿಸಿದ ಬರಹ ಇದೇ ಮಾತನ್ನು ಮೂಗಿನ ಆಳದಲ್ಲಿ ಸ್ಥಾಪಿಸಿತು. ಅದಕ್ಕೆ ಸಲ್ಲಬೇಕಾದಷ್ಟು ಗೌರವವನ್ನು ನಾವು ಸಲ್ಲಿಸಿಲ್ಲವೆಂದೇ ನನ್ನ ಎಣಿಕೆ. ಅಂಥದೊಂದು ಹಸುವಿನ ಬುರುಡೆಯನ್ನು ಗರಗಸದಿಂದ ಉದ್ದಕ್ಕೆ ಸೀಳಿದ ದಿನ ನೆನಪಿದೆ: ಸುರುಳಿಸುರುಳಿಯಾದ ನವಿರು ಎಲುಬುಗಳಿರಬೇಕಾದಲ್ಲಿ ಬೂದುಬಿಳುಪಿನ, ಮುಟ್ಟಿದರೆ ಉದುರುವ ಮುದ್ದೆ, ಕಣ್ಣಿನ ಗೂಡಿನ ಗೋಡೆ ಹೆಬ್ಬೆರಳಿಗೆ ಹಪ್ಪಳದಂತೆ ಮುರಿಯಿತು. ಆ ಹಸುವಿಗೆ ತಿಂಗಳುಗಟ್ಟಲೆ ಗೊರಕೆರೋಗದ ಸೂಜಿಮದ್ದು ಕೊಟ್ಟಿದ್ದವನು ನಾನೇ.

ನಿಜವಾದ ಮೂಳೆಯ ಅರ್ಬುದಗಳು, ಎಂದರೆ ಆಸ್ಟಿಯೋಮ, ಆಸ್ಟಿಯೋಸಾರ್ಕೋಮಗಳು, ಇಲ್ಲವೆಂದಲ್ಲ; ವಿರಳ. ಎಂಡೋಸ್ಕೋಪು ಮುದ್ದೆಯನ್ನು ತೋರಿಸೀತು, ಸ್ಕ್ಯಾನು ಅದರ ಮೇರೆಯನ್ನು ಗುರುತಿಸೀತು; ಅದರ ಕುಲವನ್ನು ಹೇಳಬಲ್ಲದ್ದು ಸೂಕ್ಷ್ಮದರ್ಶಕದ ಕೆಳಗಿನ ತೆಳುಛೇದವೊಂದೇ. ಕುರಿ-ಮೇಕೆಗಳ ಇಂಥ ಅರ್ಬುದಗಳಿಗೆ ವೈರಸ್ಸೇ ಕಾರಣವೆಂದು ಸಿದ್ಧವಾಗಿರುವಾಗ, ದನಗಳಲ್ಲಿಯೂ ಅದನ್ನು ಅರಸಲು ತಾಜಾ ಅಂಗಾಂಶ ಬೇಕು. ಆದರೆ ಸತ್ತ ದನದ ತಲೆ ಪ್ರಯೋಗಾಲಯಕ್ಕೆ ಬರುವುದಿಲ್ಲ. ಬಂದರೂ ಗರಗಸ ಹಿಡಿಯುವವರಿಲ್ಲ, ಆಮ್ಲದಲ್ಲಿ ನೆನೆಸಿ ಮೂಳೆಯ ಸುಣ್ಣ ಕಳೆಯುವಷ್ಟು ದಿನ ಕಾಯುವ ತಾಳ್ಮೆಯೂ ಇಲ್ಲ. ಎತ್ತುಗಳು ಕಡಮೆಯಾಗಿ ಕೊಂಬಿನ ಕ್ಯಾನ್ಸರು ಅಪರೂಪವಾದದ್ದನ್ನೇ ರೋಗ ಗೆದ್ದೆವೆಂದು ಭ್ರಮಿಸಿರುವವರೂ ಇದ್ದಾರೆ. ಈಗ ನನ್ನ ಮೇಜಿಗೆ ಬರುವುದು ಫಾರ್ಮಲಿನ್ ಸೀಸೆಯೊಂದರಲ್ಲಿ ಹೊಳ್ಳೆಯ ತುದಿಯಿಂದ ಚಿವುಟಿದ, ಕೀವಲ್ಲದೆ ಬೇರೇನೂ ಇಲ್ಲದ ಅವರೆಕಾಳಿನಷ್ಟು ತುಣುಕು. ಅದರ ಚೀಟಿಯ ಮೇಲೆ ‘ಮೂಗಿನ ಗಡ್ಡೆ’ ಎಂಬ ಎರಡೇ ಪದ.